ಗೋಡೆಯ ಮೇಲಿನ ಎರಡು ಹೆಸರು

ನಾನು ನಿಂತದ್ದು ಗೊಳಸಂಗಿಯ ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ, ಕೈಯಲ್ಲಿ ಚಹಾ ಹಿಡಿದುಕೊಂಡು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೀಗೆ ಹುಣ್ಣಿಮೆಯ ಹಿಂದುಮುಂದಿನ ಒಂದು ಮುಂಜಾನೆ, ರಾತ್ರಿಯೆಲ್ಲ ಹೊಡೆದ ಮಳೆ ನಿಂತಿತ್ತು. ಗೋಡೆ ಪಡುವಣಕ್ಕೆ ಮುಖ ಮಾಡಿದ್ದರಿಂದ ಅದಕ್ಕಿನ್ನೂ ಬಿಸಿಲು ಬಿದ್ದಿರಲಿಲ್ಲ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಉಳಿದದ್ದರಲ್ಲಿ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ತಿಳಿದುಕೊಂಡದ್ದು ಎಂಬುದು ನನಗೇ ಸರಿಯಾಗಿ ಬಗೆಹರಿದಿಲ್ಲ.

ಇದೆಲ್ಲ ನೆನಪಾದದ್ದು ನಿನ್ನೆ, ಮುದ್ದೇಬಿಹಾಳದ ಬಣ್ಣದ ಅಂಗಡಿಯಲ್ಲಿ. ನಮ್ಮ ಈಗಿನ ಮನೆಯ ಹೊರಗೋಡೆಗೆ ಏನು ಹಚ್ಚಿಸಬೇಕೆಂದು ಕೇಳಲು ಹೋಗಿದ್ದೆ. ಅಂಗಡಿಯವರು ಮಳೆ ತಡೆಯುವುದು, ಧೂಳು ಹಿಡಿಯದ್ದು, ಕೂದಲೆಳೆ ಬಿರುಕು ಮುಚ್ಚುವುದು ಎಂದು ಡಬ್ಬಿಗಳನ್ನು ಒಂದೊಂದಾಗಿ ಮುಂದಿಟ್ಟರು. ನಾನು ಪ್ರತಿಯೊಂದಕ್ಕೂ ತಲೆಯಾಡಿಸಿದೆ. ತಿಳಿಯದ ಮಾತಿಗೆ ತಲೆಯಾಡಿಸುವುದು ನನ್ನ ಹಳೆಯ ಅಭ್ಯಾಸ. ಅಷ್ಟರಲ್ಲಿ ಮೂಲೆಯಲ್ಲಿ ಯಾರೋ ಸಿಮೆಂಟ್ ಪೇಂಟಿನ ಚೀಲ ಬಿಚ್ಚಿದರು. ಆ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಬೇವಿನ ಗಿಡದ ಕೆಳಗಿದ್ದೆ.

ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬಹುದು. ಮದುವೆಯಾದರೆ ಮನೆಯ ಹೊರಗೋಡೆಯ ಮೇಲೆ ವಧೂವರರ ಹೆಸರು ಬರೆಸುತ್ತಾರೆ. ಅಕ್ಕನ ಮದುವೆಯಲ್ಲಿ ನಮ್ಮ ಮನೆಯ ಮೇಲೂ ಬರೆಸಿದ್ದರು: ‘ಚಿ. ಮಹಾಂತೇಶ, ಚಿ. ಸೌ. ಶಾಂತಾ’. ಕೆಂಪು ಆಯಿಲ್ ಪೇಂಟು, ಒಂದೊಂದು ಅಕ್ಷರ ಮೊಳದುದ್ದ. ಮಗಳ ಮೊದಲ ಕೂಸು ಹುಟ್ಟುವವರೆಗೆ ಆ ಹೆಸರುಗಳನ್ನು ಮುಚ್ಚಬಾರದು ಎನ್ನುವುದು ನಮ್ಮ ಮನೆತನದ ನಂಬಿಕೆ. ಹೀಗಾಗಿ ಪ್ರತಿ ದಸರೆಗೆ ಸುತ್ತಲೂ ಸುಣ್ಣ ಬಳಿದು ಹೆಸರುಗಳನ್ನು ಹಾಗೇ ಬಿಡುತ್ತಿದ್ದರು. ಕೂಸು ಹುಟ್ಟಲಿಲ್ಲ. ಆ ವರ್ಷ ಯುಗಾದಿ ಮುಗಿದ ಮೇಲೆ ಅಕ್ಕ ತಾಂಬಾದ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದುಕೊಂಡು ಬಂದಳು. “ನಾ ಮತ್ತ ಅಲ್ಲಿಗೆ ಹೋಗಾಂಗಿಲ್ಲ” ಎಂದಳು, ಯಾಕೆಂದು ಹೇಳಲಿಲ್ಲ. ಅವ್ವ ಅವಳ ಬೆನ್ನಿಗೆ ಎಣ್ಣೆ ಹಚ್ಚುವಾಗ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾವು ಗಂಡಸರು ಆ ಬಾಗಿಲನ್ನು ಕಂಡೂ ಕಾಣದವರಂತೆ ಇದ್ದೆವು.

ಆ ಮಳೆಗಾಲದಲ್ಲಿ ಪಡುವಣ ಗೋಡೆ ಹಸಿ ಹಿಡಿದು ಒಳಗಿನ ಜೋಳದ ಚೀಲಗಳಿಗೆ ಬೂಸು ಬಂತು. ಗೋಡೆಗೆ ಗಟ್ಟಿಯಾದದ್ದೇನಾದರೂ ಹಚ್ಚಬೇಕೆಂದು ಅಪ್ಪ ತೀರ್ಮಾನಿಸಿದ. ಏನು ಎಂಬುದರಲ್ಲೇ ಹದಿನೈದು ದಿನ ಹೋಯಿತು. ದೊಡ್ಡಪ್ಪ ಸುಣ್ಣಕ್ಕೆ ಬೆಲ್ಲ ಮತ್ತು ಲೋಳೆಸರದ ರಸ ಕಲಸಿ ಬಳಿಯಬೇಕೆಂದ. ಹೊಸದಾಗಿ ಕಾಲೇಜಿನ ನೌಕರಿ ಸೇರಿದ್ದ ನಾನು, ಬೇರೆಯವರಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಗತ್ತಿನಲ್ಲಿ ಸಿಮೆಂಟ್ ಪೇಂಟು ಎಂದೆ. ಅವ್ವ ಒಂದೇ ಮಾತು ಹೇಳಿದಳು: “ಏನರೆ ಹಚ್ರಿ, ಹೆಸರು ಮುಚ್ಚಬ್ಯಾಡ್ರಿ. ಕೇಡು.”

“ಹೋಗಬರೂ ಮಂದಿ ಓದ್ಕೊಂತ ನಿಂದರ್ತಾರ, ಅದು ಕೇಡಲ್ಲೇನು?” ಎಂದ ಅಪ್ಪ.

ಅಪ್ಪ ಗೋಡೆಯನ್ನು ಹಸಿಯಿಂದ ಕಾಯುತ್ತಿದ್ದನೋ, ಮನೆಯನ್ನು ಜನರ ಕಣ್ಣಿನಿಂದ ಕಾಯುತ್ತಿದ್ದನೋ, ಆಗಲೂ ತಿಳಿಯಲಿಲ್ಲ. ದಸರೆಗೆ ಮುಂಚೆ ತಿಳಿಹಳದಿ ಸಿಮೆಂಟ್ ಪೇಂಟು ಹಚ್ಚಿಸಿದೆವು, ಹೆಸರುಗಳ ಮೇಲೂ. ಆ ಬಣ್ಣ ಗಟ್ಟಿಯಾಗಲೆಂದು ದಿನವೂ ಗೋಡೆಗೆ ನೀರು ಹೊಡೆಯುವ ಕೆಲಸ ನಾನೇ ವಹಿಸಿಕೊಂಡೆ. ಗೋಡೆ ನೋಡಿ ಬೀಗುತ್ತಿದ್ದೆ.

ಆಮೇಲೆ ಆ ಮಳೆ. ಮುಂಜಾನೆ ಹೊರಗೆ ಬಂದು ನೋಡಿದರೆ, ಹಳದಿ ಬಣ್ಣ ಬೇರೆಲ್ಲ ಕಡೆ ಗಟ್ಟಿಯಾಗಿ ನಿಂತಿತ್ತು. ಅಕ್ಷರಗಳಿದ್ದ ಜಾಗದಲ್ಲಿ ಮಾತ್ರ ಹಕ್ಕಳೆಯಾಗಿ ಕಳಚಿ ಬಿದ್ದಿತ್ತು. ಎರಡೂ ಹೆಸರು ತೊಳೆದಿಟ್ಟಂತೆ ಕೆಂಪಗೆ ಎದ್ದು ನಿಂತಿದ್ದವು. ನನ್ನ ಚಹಾ ಅಂಗಿಯ ಮೇಲೆ ಚೆಲ್ಲಿತು.

ದೊಡ್ಡಪ್ಪ ಬಂದ, ನೋಡಿದ, ತಲೆಯ ಮೇಲಿನ ಟೊಪ್ಪಿಗೆ ತೆಗೆದ. “ಗ್ವಾಡಿನ ಹೇಳಾಕತ್ತೈತಿ, ಇನ್ನ ನಾವ್ಯಾಕ ಹೇಳಬೇಕು? ಕಟ್ಟಿದ ಗಂಟು ಬಿಚ್ಚೂದಲ್ಲ. ಶಾಂತವ್ವಾ, ಟ್ರಂಕ್ ತಯಾರ ಮಾಡು.”

ಅಕ್ಕ ಹೊಸ್ತಿಲಲ್ಲಿದ್ದಳು. “ದೊಡ್ಡಪ್ಪಾ, ಎಣ್ಣಿ ಬಣ್ಣದ ಮ್ಯಾಲೆ ನೀರಿನ ಬಣ್ಣ ನಿಂದರ್ತೈತೇನು? ಎಣ್ಣಿ ಸವರಿದ ರೊಟ್ಟಿ ಹಂಚಿನ ಮ್ಯಾಲೆ ನೀರು ಚಿಮುಕಿಸಿ ನೋಡು ಬಾ, ತೋರಸ್ತೇನಿ.”

ಸರಿಯಾದ ಮಾತು. ಆದರೆ ಅಪ್ಪ ಗೋಡೆಯನ್ನೇ ನೋಡುತ್ತಿದ್ದ. ಅವನ ತುಟಿ ಬಿಳುಚಿತ್ತು. “ಒಂಬತ್ತರ ಬಸ್ಸಿಗೆ ಬಾಗೇವಾಡಿಗೆ ಹೋಗೂಣು,” ಎಂದ, “ಅಲ್ಲಿಂದ ತಾಂಬಾಕ್ಕ.” ಅಕ್ಕ ನನ್ನ ಕಡೆ ತಿರುಗಿದಳು. ಅವಳು ಹೇಳಿದ್ದು ಸರಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹೊರಗೆ ಬಂದಳು.

ಅವಳ ಕೈಯಲ್ಲಿ ಅಂಗಳ ಸಾರಿಸುವ ಬಕೀಟು, ಅದರಲ್ಲಿ ಮಣ್ಣು ಬೆರೆಸಿದ ಸಗಣಿ. ಸೀದಾ ಗೋಡೆಗೆ ಹೋದಳು. ಅಂಗೈ ತುಂಬ ಎತ್ತಿ ಮೊದಲು ಅಳಿಯನ ಹೆಸರಿನ ಮೇಲೆ ಬಡಿದಳು, ಆಮೇಲೆ ಮಗಳ ಹೆಸರಿನ ಮೇಲೆ. ಅಡ್ಡಡ್ಡ ಸವರುತ್ತ ಹೋದಳು. ಎದುರಿನ ಬೋರಿನ ಹತ್ತಿರ ಕೊಡ ಹಿಡಿದು ನಿಂತಿದ್ದ ಸಿದ್ದವ್ವ, “ಯಕ್ಕಾ, ಹೊಸಾ ಬಣ್ಣರೀ!” ಎಂದು ಕೂಗಿದಳು.

“ನನ್ನ ಮನಿ ಗ್ವಾಡಿ ಅದು,” ಎಂದಳು ಅವ್ವ, ತಿರುಗದೆ. “ಅದು ಏನ್ ಬೇಕಾದ್ದು ಹೇಳ್ಲಿ. ನನ್ನ ಮಗಳು ಹೋಗಾಂಗಿಲ್ಲ.”

ಒಂಬತ್ತರ ಬಸ್ಸು ಹೋಯಿತು. ಯಾರೂ ಹತ್ತಲಿಲ್ಲ.

ಮಳೆ ಬಂದಾಗೆಲ್ಲ ಸಗಣಿ ತೊಳೆದು ಹೋಗುತ್ತಿತ್ತು. ಮರುದಿನ ಅವ್ವ ಮತ್ತೆ ಮೆತ್ತುತ್ತಿದ್ದಳು. ಆ ಗೋಡೆ ಬೀಳುವವರೆಗೆ ಹೀಗೇ ನಡೆಯಿತು. ಅಕ್ಕ ತಾಂಬಾಕ್ಕೆ ಹೋಗಲಿಲ್ಲ, ಊರಲ್ಲೇ ಅಂಗನವಾಡಿ ಕೆಲಸ ಹಿಡಿದಳು. ನನಗೆ ಬಗೆಹರಿಯದೆ ಉಳಿದದ್ದು ಇಷ್ಟು: ಹೆಸರು ಮುಚ್ಚಿದರೆ ಕೇಡು ಎಂದವಳೂ ಅವ್ವನೇ. ಅಂದು ಆ ನಂಬಿಕೆ ಬಿಟ್ಟು ಗೋಡೆಗೆ ಹೋದಳೋ, ನಂಬಿಕೊಂಡೇ ಹೋದಳೋ?

ನಿನ್ನೆ ಅಂಗಡಿಯಿಂದಲೇ ಅಕ್ಕನಿಗೆ ಫೋನು ಮಾಡಿದೆ. “ಹೊರಗಿನ ಗ್ವಾಡಿಗೆ ಏನ್ ಹಚ್ಚಲಿ?” ಎಂದೆ.

“ಏನರೆ ಹಚ್ಚು, ಮದಲ ಹಳೇದು ಕೆರಿ,” ಎಂದು ನಕ್ಕಳು. ಅಂದು ಅವ್ವ ಕೇಡಿನ ನಂಬಿಕೆ ಬಿಟ್ಟೇ ಗೋಡೆಗೆ ಹೋದಳೇನು ಎಂದು ಧೈರ್ಯ ಮಾಡಿ ಕೇಳಿದೆ. “ನನಗೂ ಗೊತ್ತಿಲ್ಲೋ ತಮ್ಮಾ. ಆಕಿ ಕೈ ಮಾತ್ರ ಗಡಗಡ ನಡಗಾಕತ್ತಿದ್ದವು. ನೀ ನೋಡ್ಲಿಲ್ಲೇನು?”

ನಾನು ನೋಡಿರಲಿಲ್ಲ. ಬೇವಿನ ಗಿಡದ ಕೆಳಗಿನಿಂದ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ. ಡಬ್ಬಿಗಳನ್ನು ಅಲ್ಲೇ ಬಿಟ್ಟು, ಗೋಡೆ ಕೆರೆಯುವ ಉಜ್ಜುಕಾಗದವನ್ನಷ್ಟೇ ತೆಗೆದುಕೊಂಡು ಮನೆಗೆ ಬಂದೆ. ಅಪ್ಪ ಈಗಿಲ್ಲ, ದೊಡ್ಡಪ್ಪನೂ ಇಲ್ಲ, ಅವ್ವ ತೀರಿಕೊಂಡು ಬಹಳ ದಿನವಾಯಿತು. ಅಂದಿನ ಮುಂಜಾನೆ ಆ ಗೋಡೆಯನ್ನು ಕಂಡವರಲ್ಲಿ ನನ್ನ ಹೊರತು ಉಳಿದವರು ಬೋರಿನ ಹತ್ತಿರ ನಿಂತಿದ್ದ ಸಿದ್ದವ್ವ, ಮತ್ತು ಹೊಸ್ತಿಲಿನಿಂದ ಅವ್ವನ ಕೈಗಳನ್ನು ನೋಡಿದ ನಮ್ಮ ಶಾಂತಕ್ಕ.