ಕೆಲಗೇರಿ ದಂಡೆಯ ಕಾಡುಸಾಸಿವೆ

ಆ ಭಾನುವಾರ ನಾನು ಕೆಲಗೇರಿ ಕೆರೆಗೆ ಹೋಗಲಿಲ್ಲ. ಹೋಗಿದ್ದೆ ಎಂದು ಅಕ್ಕನಿಗೆ ಹೇಳಿದೆ. ಒಂದು ಗಿಡವನ್ನು ಬೇರುಸಹಿತ ಕಿತ್ತು ತರುವುದಷ್ಟೇ ಕೆಲಸವಾಗಿತ್ತು. ಸೈಕಲ್ಲಿನ ಮೇಲೆ ಹೋಗಿ ಬರಲು ಒಂದು ತಾಸು ಸಾಕಿತ್ತು. ಹೋಗದೆ ಉಳಿದದ್ದಕ್ಕಿಂತ, ಹೋಗಿದ್ದೆನೆಂದು ತೋರಿಸಲು ಆಮೇಲೆ ನಾನು ಮಾಡಿದ್ದೇ ನನ್ನನ್ನು ಹೆಚ್ಚು ಕಾಡಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಜವಾನ, ಗಂಟೆ ಬಾರಿಸುವವನು. ಐದನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಹದಿನೆಂಟಕ್ಕೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವುದರಲ್ಲಿ ಪಳಗಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ನಮ್ಮ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಅವಳು. ಅಪ್ಪ ಯಾರಾದರೂ ಕೇಳಲಿ, ಕೇಳದಿರಲಿ, ಅವಳ ಮಾತು ತೆಗೆಯುತ್ತಿದ್ದ.

ಕೊನೆಯ ವರ್ಷದ ಪರೀಕ್ಷೆಗೆ ವಿದ್ಯಾರ್ಥಿಗಳು ತಾವೇ ಹುಡುಕಿ ತಂದ ಗಿಡಗಳನ್ನು ಒಣಗಿಸಿ, ದಪ್ಪ ಹಾಳೆಗೆ ಹಚ್ಚಿ, ಮೂಲೆಯಲ್ಲಿ ಚೀಟಿ ಬರೆದು ಕೊಡಬೇಕಿತ್ತು. ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ ಮೇಲೆ ಭಾರ ಇಡಬೇಕು. ದಿನಾ ಪತ್ರಿಕೆ ಬದಲಿಸಬೇಕು, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಭಾರವೆಂದರೆ ಬೀಸುಕಲ್ಲಿನ ಮೇಲಿನ ಹೋಳು.

"ನಿನ್ನ ಕಸಕ್ಕ ನನ್ನ ಕಲ್ಲ ಬೇಕೇನ?" ಎನ್ನುತ್ತಿದ್ದಳು ಅವ್ವ. "ಜ್ವಾಳ ಹಲ್ಲಿನಾಗ ಬೀಸಲ್ಯಾ?"

"ನಾಕ ದಿನ ತಡಿ ಅವ್ವಾ. ನಿನ್ನ ಕಲ್ಲು ಕಾಲೇಜ್ ಕಲತಂಗ ಆತು."

ಒಂದೊಂದು ಸಸ್ಯಕುಟುಂಬಕ್ಕೆ ಒಂದೊಂದು ಹಾಳೆ. ಸಾಸಿವೆಯ ಕುಟುಂಬಕ್ಕೆಂದು ಅಕ್ಕ ಕಾಡುಸಾಸಿವೆಯನ್ನು ಆರಿಸಿಕೊಂಡಳು. ಚಳಿಗಾಲಕ್ಕೆ ಕೆರೆಯ ನೀರು ಹಿಂದೆ ಸರಿದಾಗ ಬಿಡುವ ಹಸಿ ಮಣ್ಣಿನಲ್ಲಿ ಅದು ತಾನಾಗಿ ಏಳುತ್ತಿತ್ತು. ಪಕ್ಕದ ಗೋಧಿ ಹೊಲಗಳಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದು ಕೂತು ಕುರ್ಪಿಯಿಂದ ಅದನ್ನೇ ಕಿತ್ತು ಬದುವಿಗೆ ಎಸೆಯುತ್ತಿದ್ದರು. ನಾವಿಬ್ಬರೂ ಅದನ್ನು ಹುಡುಕಿಕೊಂಡು ಬಂದದ್ದು ಕಂಡು ಒಬ್ಬಾಕೆ ಕೇಳಿದಳು: "ಇದಕ್ಕೂ ಸಾಲಿ ಐತೇನವಾ? ಹಂಗಿದ್ರ ನಮ್ಮ ಹೊಲದ್ದಷ್ಟೂ ಹೆಸರು ಹಚ್ಚಿ ಕರಕೊಂಡು ಹೋಗು."

ಅಕ್ಕ ಮಣ್ಣಿನಲ್ಲಿ ಮಂಡಿಯೂರಿ ನನಗೆ ಪಾಠ ಹೇಳುತ್ತಿದ್ದಳು. ಬುಡದ ಎಲೆಗಳು ಅಂಗೈಯಗಲ, ಅಂಚು ಹರಿದಂತೆ, ಮೇಲೇರಿದಂತೆ ಸಣ್ಣವು. ಒಂದೇ ದಂಟಿನ ತುದಿಯಲ್ಲಿ ಮೊಗ್ಗು, ಕೆಳಗೆ ಹೂ, ಅದರ ಕೆಳಗೆ ಕಾಯಿ.

"ತಮ್ಮಾ, ಎಸಳು ಎಣಸು."

"ನಾಕು."

"ಹ್ಯಾಂಗ ಕುಂತಾವ?"

"ನಾಕು ಮಂದಿ ಎದುರಾಬದುರ ಊಟಕ್ಕ ಕುಂತಂಗ."

ಅವಳು ನಕ್ಕಳು. "ಹಂಗ ಬರದ್ರ ನನಗ ಸೊನ್ನಿ ಕೊಡ್ತಾರ."

ಎಲೆಯನ್ನು ತಿಕ್ಕಿ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಹುಳ ತಿನ್ನದಿರಲೆಂದು ಗಿಡ ಈ ಘಾಟು ಇಟ್ಟುಕೊಂಡಿದೆಯಂತೆ. ಆದರೆ ಎಲೆಯ ಹಿಂದೆ ಕಪ್ಪು ಹುಳುಗಳು ಮೇಯುತ್ತಲೇ ಇದ್ದವು. ಮುಟ್ಟಿದರೆ ಸುರುಳಿಯಾಗಿ ಕೆಳಗೆ ಬೀಳುತ್ತಿದ್ದವು. ಆ ಹುಳುವಿಗೆ ಘಾಟೇ ದಾರಿ ತೋರಿಸುತ್ತದೆ ಎಂದಳು ಅಕ್ಕ. ಎಳೆಯ ತುದಿಗೆ ಸಸ್ಯಹೇನು ಮುತ್ತಿದ್ದವು, ಹೇನು ತಿನ್ನಲು ಗುಲಗಂಜಿ ಹುಳು ಬಂದಿದ್ದವು. ಒಂದು ಕಸದ ಗಿಡದ ಮೇಲೆ ಇಷ್ಟು ಮಂದಿಯ ಸಂಸಾರ ಇರುತ್ತದೆಂದು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಇದರ ಬೀಜ ಮಣ್ಣಾಗ ಹುಗದು ವರ್ಷಾನುಗಟ್ಲೆ ಮಲಗಿರ್ತಾವ," ಎಂದಳು. "ಯಾರರೆ ಅಗದು ಬೆಳಕು ತೋರಿಸಿದ್ರ ಏಳ್ತಾವ."

"ನನ್ನಂಗ. ಅವ್ವ ಕಿಡಕಿ ತಗದ್ರನ ಏಳೂದು."

ಹಾಳೆಯಲ್ಲಿ ಎಲೆ, ಹೂ, ಮಾಗಿದ ಕಾಯಿ ಮೂರೂ ಇರಬೇಕಿತ್ತು; ಆದರೆ ಕಾಯಿ ಬಲಿಯುವ ಹೊತ್ತಿಗೆ ಬುಡದ ಎಲೆಗಳು ಒಣಗಿಹೋಗುತ್ತವೆ. ಅದಕ್ಕೆ ಅವಳು ಹೂವಿದ್ದ ಒಂದು ಗಿಡವನ್ನು ಅಂದೇ ಕಿತ್ತುಕೊಂಡಳು. ಪಕ್ಕದ ಇನ್ನೊಂದಕ್ಕೆ ನೀಲಿ ದಾರ ಕಟ್ಟಿದಳು. ಅದರ ಕೆಳಗಿನ ಕಾಯಿ ಹಳದಿಗೆ ತಿರುಗಿದ ಕೂಡಲೇ ಕೀಳಬೇಕು. ತಡವಾದರೆ ಸಿಪ್ಪೆ ಬುಡದಿಂದ ಮೇಲಕ್ಕೆ ಬಿಚ್ಚಿಕೊಂಡು ಬೀಜ ಸಿಡಿಯುತ್ತದೆ, ನಡುವಿನ ತೆಳುವಾದ ಪದರೊಂದೇ ಉಳಿಯುತ್ತದೆ.

ಅಷ್ಟರಲ್ಲಿ ಅವಳಿಗೆ ಟೈಫಾಯ್ಡ್ ಬಂತು. ಡಾಕ್ಟರರು ಓದುವುದಿರಲಿ, ಎದ್ದು ಕೂರುವುದೂ ಬೇಡವೆಂದರು. ಉಳಿದ ಹಾಳೆಗಳೆಲ್ಲ ಮುಗಿದಿದ್ದವು. ಕಾಡುಸಾಸಿವೆಯ ಹಾಳೆಯಲ್ಲಿ ಅರ್ಧ ಜಾಗ ಖಾಲಿ ಇತ್ತು. ಚೀಟಿಯನ್ನು ಅವಳು ಮೊದಲೇ ಬರೆದಿಟ್ಟಿದ್ದಳು: ಗಿಡದ ಹೆಸರು, ಕೆಲಗೇರಿ ಕೆರೆಯ ದಂಡೆ, ತಾನೇ ಕಂಡು ಸಂಗ್ರಹಿಸಿದ್ದು, ಕೆಳಗೆ ತನ್ನ ಹೆಸರು.

"ತಮ್ಮಾ, ಐತವಾರ ಹೋಗಿ ತಂದಬಿಡು. ದಾರ ಕಟ್ಟೇನಿ, ಗುರ್ತು ಸಿಗತೈತಿ."

"ಬಿಡು, ಅದೇನ್ ಹುಲಿ ಹಿಡಿಯೂದ?"

ಭಾನುವಾರ ಬೆಳಿಗ್ಗೆ ಅಂಗಡಿಯ ಗೆಳೆಯ ಬಂದು, ಹುಬ್ಬಳ್ಳಿಯಲ್ಲಿ ಹೊಸ ಪಿಕ್ಚರ್ ಬಂದಿದೆ ಎಂದ. ಹೋದೆ. ಮನಸ್ಸಿನಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಮುಚ್ಚಿಡಲಾರೆ. ಮನೆಯಲ್ಲಿ ಎಲ್ಲರ ಮಾತು ಅವಳ ಪರೀಕ್ಷೆಯ ಸುತ್ತಲೇ. ನಾನು ಸರಿಮಾಡಿದ ಸೈಕಲ್ಲುಗಳ ಬಗ್ಗೆ ಅಪ್ಪ ಯಾರ ಮುಂದೂ ಹೇಳಿದವನಲ್ಲ.

ಮರಳುವಾಗ ಹುಬ್ಬಳ್ಳಿ ಸ್ಟೇಷನ್ನಿನ ಗೋಡೆಯ ಬದಿ, ನಲ್ಲಿಯ ನೀರು ಸೋರುವಲ್ಲಿ, ಒಂದು ಗಿಡ ಕಂಡಿತು. ಹಳದಿ ಹೂ, ನಾಲ್ಕು ಎಸಳು, ಉದ್ದ ಕಾಯಿ. ಕಿತ್ತೆ. ಕೈಗೆ ಅಂಟಂಟು ಹತ್ತಿತು. ವಾಸನೆ ಬೇರೆ ಇತ್ತು. ಅದು ನಾಯಿಸಾಸಿವೆ, ಹಿತ್ತಿಲಲ್ಲೂ ಗಟಾರದ ದಂಡೆಯಲ್ಲೂ ಬೆಳೆಯುವಂಥದ್ದು. ಚಿಕ್ಕಂದಿನಿಂದ ಕಂಡ ಗಿಡ. ಆದರೂ ಕಸ ಕಸವೇ, ಒಣಗಿದ ಮೇಲೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ.

ಮನೆಗೆ ಬಂದು ಪತ್ರಿಕೆಯ ಮೇಲೆ ಹರಡಿದಾಗ ಎಲೆಗಳು ಕಣ್ಣಿಗೆ ಬಿದ್ದವು. ಒಂದು ತೊಟ್ಟಿಗೆ ಮೂರು, ಐದು ಎಲೆ. ಕಾಡುಸಾಸಿವೆಗೆ ಹಾಗಿಲ್ಲ. ನಾನು ಒಂದೊಂದಾಗಿ ಎಲ್ಲ ಎಲೆ ಚಿವುಟಿದೆ. ತಿಳಿಯದೆ ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಗೆಲ್ಲ ಆ ಚಿವುಟಿದ ಬೆರಳು ನೆನಪಾಗುತ್ತದೆ. ತಿಳಿಯದವನು ಎಲೆ ಕೀಳುವುದಿಲ್ಲ.

"ತಂದ್ಯಾ?" ಒಳಗಿನಿಂದ ಅಕ್ಕ ಕೇಳಿದಳು.

"ತಂದೆ."

"ದಾರ?"

"ಬಿಚ್ಚಿ ಒಗದೆ."

ಒಂದು ವಾರ ಪತ್ರಿಕೆ ಬದಲಿಸಿದೆ. ಮೈದಾದ ಅಂಟು ಕಾಸಿ ಅವಳ ಗಿಡದ ಪಕ್ಕದಲ್ಲೇ ಹಚ್ಚಿದೆ. ತೋರಿಸು ಎಂದಾಗ, ಅಂಟು ಹಸಿ ಇದೆ, ಎತ್ತಿದರೆ ಜಾರುತ್ತದೆ ಎಂದೆ. ಹಾಳೆಗಳ ಕಟ್ಟನ್ನು ಕಾಲೇಜಿಗೆ ಮುಟ್ಟಿಸಿದವನೂ ನಾನೇ. ಅದರ ಮರು ಭಾನುವಾರ ಯಾಕೋ ಕೆರೆಗೆ ಹೋದೆ. ನೀಲಿ ದಾರ ಇತ್ತು. ಗಿಡದಲ್ಲಿ ಕಾಯಿ ಒಂದೂ ಇರಲಿಲ್ಲ. ಸಿಪ್ಪೆ ಉದುರಿದ ಪದರುಗಳು ಬಿಸಿಲಿಗೆ ಮೀನಿನ ಪೊರೆಯಂತೆ ಹೊಳೆಯುತ್ತಿದ್ದವು. ಆಗಲೂ ಹೇಳಬಹುದಿತ್ತು.

ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಅಕ್ಕ ಗೋಡೆ ಹಿಡಿದು ನಡೆಯುವಷ್ಟಾಗಿದ್ದಳು. ಆ ಸಂಜೆ ನಾನು ಅಂಗಳದಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಅಪ್ಪ ಕಟ್ಟೆಯ ಮೇಲಿದ್ದ.

"ಹ್ಯಾಂಗಾತವಾ?"

"ಒಂದು ಹಾಳಿ ತಪ್ಪಾತು ಅಪ್ಪಾ. ಎರಡು ಜಾತಿ ಗಿಡ ಕೂಡಿಸಿ ಒಂದ ಜಾತಿ ಅಂತ ಹಚ್ಚೀರಿ ಅಂದ್ರು, ಪರೀಕ್ಷಾ ತಗೊಳ್ಳಾಕ ಬಂದವ್ರು. ಈ ಕಾಯಿ ಮ್ಯಾಲಿಂದ ಬಿಚ್ಚೇತಿ, ಸಾಸಿವಿ ಕಾಯಿ ಬುಡದಿಂದ ಬಿಚ್ಚತೈತಿ. ನಡುವ ಪದರ ಇಲ್ಲ. ಎಲಿ ಚೂಟಿದ ಗುರ್ತು ಸೈತ ತೋರಿಸಿದ್ರು."

"ಅಂದ್ರ?"

"ಅಂದ್ರ ಮೋಸ ಅಂತ."

ಅಪ್ಪ ಕಟ್ಟೆಯಿಂದ ಇಳಿದ. "ನಿನಗ ಕಲಸೂ ಸರ್ ಇದ್ರೇನು ಅಲ್ಲೆ?"

"ಇದ್ರು."

"ನೀ ಏನಂದಿ?"

"ತಪ್ಪು ನಂದ್ರಿ ಅಂದೆ. ಚೀಟಿ ಮ್ಯಾಲೆ ನನ್ನ ಹೆಸರ ಇತ್ತಲ್ಲ."

ಆ ಹಾಳೆಯನ್ನು ಅವಳು ಮೊದಲ ಬಾರಿ ನೋಡಿದ್ದು ಅಲ್ಲಿ, ಅವರೆಲ್ಲರ ಮುಂದೆ. ಅದು ಯಾರ ಕೆಲಸವೆಂದು ತಿಳಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಿರಲಿಕ್ಕಿಲ್ಲ. ಆದರೂ ನನ್ನ ಕಡೆ ತಿರುಗಲಿಲ್ಲ. ನಾನು ಎಣ್ಣೆ ಬಿಡುತ್ತಲೇ ಇದ್ದೆ; ಚೈನಿನಿಂದ ಇಳಿದು ನೆಲವೆಲ್ಲ ಎಣ್ಣೆಯಾಗಿತ್ತು.

ಅವಳು ಪಾಸಾದಳು. ಆದರೆ 'ಮುಂದೆ ಓದು, ಕಾಲೇಜಿನಲ್ಲೇ ಕೆಲಸಕ್ಕೆ ನಾನು ಮಾತಾಡುತ್ತೇನೆ' ಎಂದಿದ್ದ ಅವಳ ಸರ್ ಮತ್ತೆ ಆ ಮಾತು ಎತ್ತಲಿಲ್ಲ. ರಸ್ತೆಯಲ್ಲಿ ಕಂಡರೂ ತಲೆ ತಗ್ಗಿಸಿ ದಾಟುತ್ತಿದ್ದರಂತೆ. ಅಕ್ಕ ಟ್ರೇನಿಂಗ್ ಮುಗಿಸಿ ಹಳೇ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿಯಾದಳು. ಅವಳ ಬಾಳು ಕೆಟ್ಟಿತೆಂದು ಹೇಳಲಾರೆ. ಮಕ್ಕಳು ಅವಳನ್ನು ಬಿಟ್ಟಿರುತ್ತಿರಲಿಲ್ಲ. ಆದರೆ ಅವಳು ಸುಳ್ಳುಗಾರ್ತಿಯಲ್ಲ ಎಂದು ಹೇಳಬೇಕಾಗಿದ್ದವನು ಒಬ್ಬನೇ ಇದ್ದ, ಅವನು ಬಾಯಿ ಬಿಡಲಿಲ್ಲ. ವರ್ಷಗಟ್ಟಲೆ ಅವಳು ಕೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವಳು ಕಾದಳೋ ಏನೋ.

ಅರವತ್ತರ ದಶಕದ ಕೊನೆಗೆ ಒಂದು ಚಳಿಗಾಲ, ರಜೆಗೆ ಬಂದವಳು ಶಾಲೆಯ ಮಕ್ಕಳಿಗೆ ತೋರಿಸಲು ಗಿಡಗಳು ಬೇಕು, ಕೆರೆಗೆ ಹೋಗೋಣ ಎಂದಳು. ಅಷ್ಟೂ ವರ್ಷ ನಾನು ಆ ದಾರಿ ಹಿಡಿದಿರಲಿಲ್ಲ. ಒಡ್ಡಿಗೆ ಹಾಕಲೆಂದು ಮಳೆಗಾಲದ ಕೊನೆಗೆ ಯಾರೋ ದಂಡೆಯ ಮಣ್ಣು ಅಗೆದಿದ್ದರು. ಅಗೆದಲ್ಲೆಲ್ಲ, ನಾವು ಹಿಂದೆ ಗಿಡ ಕಿತ್ತ ಜಾಗದಲ್ಲೇ, ಕಾಡುಸಾಸಿವೆ ಸೊಂಟದವರೆಗೆ ನಿಂತು ಹಳದಿಯಾಗಿತ್ತು.

"ನೋಡಿದ್ಯಾ," ಎಂದಳು ಅಕ್ಕ. "ಮಲಗಿದ್ವು. ಎದ್ದಾವ."

ಒಂದು ಮಾಗಿದ ಕಾಯಿ ಕಿತ್ತು ನನ್ನ ಅಂಗೈಯಲ್ಲಿಟ್ಟಳು. "ಬಿಚ್ಚು. ಎಲ್ಲಿಂದ ಬಿಚ್ಚತೈತಿ ಹೇಳು."

ಅವಳು ಮಕ್ಕಳಿಗೆ ಕೇಳುವಂತೆಯೇ ಕೇಳಿದಳು. ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಒತ್ತಿದೆ. ಸಿಪ್ಪೆ ಬುಡದಿಂದ ಮೇಲಕ್ಕೆ ಎದ್ದಿತು. ಬೀಜ ಅಂಗೈಯಲ್ಲಿ ಉರುಳಿದವು, ಪದರು ಬೆರಳಿಗೆ ಅಂಟಿಕೊಂಡಿತು. ಮುಖ ಎತ್ತಲಾಗಲಿಲ್ಲ; ಅದನ್ನೇ ನೋಡುತ್ತ ಹೇಳಿದೆ:

"ಅಕ್ಕಾ, ಅವತ್ತ ನಾ ಇಲ್ಲಿಗೆ ಬಂದಿದ್ದಿಲ್ಲ. ಹುಬ್ಬಳ್ಳಿಗೆ ಪಿಕ್ಚರ್ ನೋಡಾಕ ಹೋಗಿದ್ದೆ. ಆ ಗಿಡ ಸ್ಟೇಷನ್ ಗ್ವಾಡಿ ಬಾಜೂದ್ದು. ಬ್ಯಾರೆ ಗಿಡ ಅಂತ ನನಗ ಗೊತ್ತಿತ್ತು, ಅದಕ್ಕ ಎಲಿ ಚೂಟಿದೆ. ಅಪ್ಪನ ಮುಂದ ನೀ ತಪ್ಪು ನಂದು ಅಂದಾಗ ಅಲ್ಲೇ ಕುಂತಿದ್ದೆ, ಸುಮ್ಮನಿದ್ದೆ. ತಪ್ಪು ನಿಂದಲ್ಲ, ನಂದು. ನನ್ನ ಕ್ಷಮಾ ಮಾಡಕ್ಕಾ."