ಏಳನೇ ಸಾಲಿನಾಚೆ
ಓರ್ಫಾ ಮೇಸಿ ತನ್ನ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಕಾಗದಕ್ಕೆ ಸಹಿ ಹಾಕಿದಳು, ಅದೂ ಗೊತ್ತಿಲ್ಲದೆ. ಅದನ್ನು ತಿದ್ದಲು ಸಿಕ್ಕಿದ್ದು ಒಂದು ಬೆಳಗಿನ ಹೊತ್ತು.

೧೯೩೧ರ ಮಾತು. ಇಂಡಿಯಾನಾದ ನಮ್ಮ ಕ್ಲಿಯರ್ ಬ್ರಾಂಚ್ ಊರಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸಭೆಯ ದಾಖಲೆ ಪುಸ್ತಕಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಸ್ಮಶಾನದ ಹುಲ್ಲು ಕತ್ತರಿಸುವುದು, ಗುಣಿ ತೋಡುವುದು ನನ್ನ ಕೆಲಸ. ನಮ್ಮ ಹಿರಿಯರು ಗೋರಿಗೆ ಕಲ್ಲು ನೆಡುತ್ತಿರಲಿಲ್ಲ, ಸತ್ತ ಮೇಲೂ ದೊಡ್ಡಸ್ತಿಕೆ ಯಾಕೆ ಎಂದು. ಗಂಡ ಹೆಂಡತಿಯನ್ನೂ ಪಕ್ಕ ಪಕ್ಕ ಮಲಗಿಸದೆ, ಸತ್ತ ಸರದಿಯಲ್ಲೇ ಸಾಲಾಗಿ ಹೂಳುತ್ತಿದ್ದರು. ಯಾರು ಎಲ್ಲಿದ್ದಾರೆಂದು ತಿಳಿಯಲು ಪುಸ್ತಕವೇ ಗತಿ. ರಸ್ತೆ ಅಗಲ ಮಾಡಲು ಸ್ಮಶಾನದ ಪೂರ್ವದ ಅಂಚು ಬೇಕೆಂದು ರಸ್ತೆ ಇಲಾಖೆಯವರು ಕೇಳಿದಾಗ, ಓರ್ಫಾ ಪುಸ್ತಕ ನೋಡಿ, ಏಳನೇ ಸಾಲಿನಾಚೆ ಯಾರನ್ನೂ ಹೂತಿಲ್ಲ ಎಂದು ಬರೆದುಕೊಟ್ಟಳು.

ಪುಸ್ತಕ ನೋಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅಪ್ಪನನ್ನು ಹುಡುಕಿ ಹುಡುಕಿ ಪಳಗಿದ್ದಳು. ಅವಳಪ್ಪ ಎಲೈ ಚಿಕ್ಕಂದಿನಲ್ಲಿ ಹೆತ್ತವರ ಜೊತೆ ಉತ್ತರ ಕ್ಯಾರೊಲಿನಾದಿಂದ ಬಂದವನು. ಗುಲಾಮರನ್ನು ಮಾರುವ ನಾಡಿನಲ್ಲಿ ಇರಲಾರೆವೆಂದು ಹೊರಟ ಆ ಮನೆಯವರಿಗೆ ಇವರು ನಮ್ಮವರು ಎಂದು ಅಲ್ಲಿಯ ಸಭೆ ಬರೆದುಕೊಟ್ಟ ವಲಸೆ ಪತ್ರ ಈಗಲೂ ನಮ್ಮ ಪೆಟ್ಟಿಗೆಯಲ್ಲಿದೆ. ಆಮೇಲೆ ಗುಲಾಮಗಿರಿಯ ಯುದ್ಧ ಬಂತು. ನಮ್ಮವರು ಬಂದೂಕು ಮುಟ್ಟುವಂತಿಲ್ಲ. ಎಲೈ ಮುಟ್ಟಿದ. ಸಭೆ ಅವನನ್ನು ಹೊರಗೆ ಹಾಕಿತು, ಅಲ್ಲಿಗೆ ಪುಸ್ತಕದಲ್ಲಿ ಅವನ ಹೆಸರೂ ಮುಗಿಯಿತು.

ಅಪ್ಪ ಎಲ್ಲಿ ಎಂದು ಕೇಳಿದರೆ ತಾಯಿ ರೂತ್, “ಅಯೋವಾ ಕಡೆ ಹೋದ” ಎಂದಷ್ಟೇ ಹೇಳುತ್ತಿದ್ದಳಂತೆ. ಎರಡು ವರ್ಷದ ಕೂಸನ್ನು ಬಿಟ್ಟು ಓಡಿಹೋದವನ ಮಗಳು ಎಂದು ಊರು ಆಡಿಕೊಂಡಿತು. ಓರ್ಫಾ ಮದುವೆಯಾಗಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದಳು, ರಜೆ ಬಂದರೆ ಅಯೋವಾದ ರೈಲು ಹತ್ತಿದಳು. ಅಲ್ಲಿನ ಸಭೆಗಳ ವಲಸೆ ಪತ್ರ, ಸತ್ತವರ ಪಟ್ಟಿ, ಕಲ್ಲಿಲ್ಲದ ಸ್ಮಶಾನ, ಹೀಗೇ ನಲವತ್ತು ವರ್ಷ. ಹೊರಗೆ ಹಾಕಿದವನಿಗೆ ಯಾವ ಸಭೆ ಪತ್ರ ಕೊಟ್ಟೀತು ಎಂದು ನಾನು ಕೇಳಿದರೆ ನನ್ನ ಮೇಲೇ ರೇಗುತ್ತಿದ್ದಳು.

ರಸ್ತೆ ಯಂತ್ರ ಬರುವುದು ಗುರುವಾರ ಎಂದಾಗಿತ್ತು. ಬುಧವಾರ ಸಂಜೆ, ನಮ್ಮ ಸಭೆಯ ಹಿರಿಯಳಾಗಿದ್ದು ಎಂದೋ ತೀರಿಕೊಂಡ ಲಿಡಿಯಾ ಎಂಬವಳ ಮೊಮ್ಮಗಳು ಅಟ್ಟ ಗುಡಿಸುವಾಗ ಸಿಕ್ಕಿತೆಂದು ಒಂದು ಹಳೇ ಪುಸ್ತಕ ತಂದುಕೊಟ್ಟಳು. ಆಗೆಲ್ಲ ನಮ್ಮಲ್ಲಿ ಗಂಡಸರ ಸಭೆ ಬೇರೆ, ಹೆಂಗಸರ ಸಭೆ ಬೇರೆ, ಪುಸ್ತಕವೂ ಬೇರೆ. ಓರ್ಫಾ ಇಷ್ಟು ವರ್ಷ ತಿರುವಿದ್ದೆಲ್ಲ ಗಂಡಸರ ಪುಸ್ತಕ. ಇದು ಹೆಂಗಸರದು. ಅದರಲ್ಲಿ ಹೀಗೆ ಬರೆದಿತ್ತು:

“೧೮೬೫, ಎರಡನೇ ತಿಂಗಳು. ರೂತ್ ಮೇಸಿಯ ಗಂಡ ಸೇನೆಯಿಂದ ಜ್ವರ ಹೊತ್ತು ಬಂದು ಮನೆಯಲ್ಲೇ ತೀರಿಕೊಂಡ. ಲಿಡಿಯಾ ನಿಂತು ಹೂಳಿಸಿದಳು. ಪೂರ್ವದ ಅಂಚಿನ ಅಕ್ರೋಟ ಸಸಿಯಿಂದ ಸೂರ್ಯ ಹುಟ್ಟುವ ಕಡೆಗೆ ಆರು ಹೆಜ್ಜೆ. ಹೊರಗೆ ಹಾಕಿದವನನ್ನು ಇಲ್ಲಿ ಹೂತದ್ದು ಗಂಡಸರ ಸಭೆಗೆ ತಿಳಿಯಬಾರದು, ಮಗುವಿಗೂ ತಿಳಿಸಬೇಡಿ ಎಂದು ರೂತ್ ಕೋರಿದಳು.”

ಗೊತ್ತಿದ್ದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡೇ ಸತ್ತರು. ಪ್ರಾರ್ಥನೆಯಲ್ಲೂ ಮಾತಾಡದ ನಮ್ಮವರ ಮೌನವನ್ನು ಜನ ಹೊಗಳುತ್ತಾರೆ. ನನಗಂತೂ ಅವತ್ತು ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಯಂತ್ರ ಬೇಲಿ ಕಿತ್ತಿತ್ತು. ಓರ್ಫಾ ಅದರ ಮುಂದೆ ನಿಂತಳು.

“ನಿಲ್ಸು ನೀನು, ವಾಲ್ಟರ್ ಗ್ರಬ್ಸ್. ಇಲ್ಲಿ ನಮ್ಮಪ್ಪ ಇದಾನೆ.”

ರಸ್ತೆಯ ಎಂಜಿನಿಯರ್ ವಾಲ್ಟರ್ ಕಣ್ಣು ಕೆಂಪಗೆ ಮಾಡಿದ. “ಏನಮ್ಮಾ, ‘ನೀನು’ ಅಂತೀಯ? ನಾನೇನು ನಿಮ್ಮನೆ ಆಳಾ?”

“ನಮ್ಮಲ್ಲಿ ಆಳಿಗೂ ನೀನೇ, ಅರಸನಿಗೂ ನೀನೇ. ನಿಲ್ಸು.”

“ಇಲ್ಯಾರೂ ಇಲ್ಲ ಅಂತ ಸಹಿ ಹಾಕ್ದೋರು ಯಾರು?”

“ನಾನೇ. ತಪ್ಪಾಯ್ತು.”

ಅವನು ಗಡಿಯಾರ ನೋಡಿದ. “ಮಧ್ಯಾಹ್ನದವರೆಗೂ ಟೈಮ್ ಕೊಡ್ತೀನಿ. ಏನಾದ್ರೂ ಸಿಕ್ರೆ ರಸ್ತೆ ಆಚೆ ಸರಿಸ್ತೀನಿ. ಸಿಗ್ಲಿಲ್ವೋ, ಈ ಮರಾನೂ ಹೋಯ್ತು.”

ಅಂದಿನ ಸಸಿ ಈಗ ತಬ್ಬಿದರೆ ತೋಳಿಗೆ ಸಿಗದಷ್ಟು ದಪ್ಪ. ಅದರ ಬುಡದಿಂದ ಓರ್ಫಾ ಆರು ಹೆಜ್ಜೆ ಹಾಕಿದಳು. ನಾನು ಕಬ್ಬಿಣದ ಸರಳು ಚುಚ್ಚಿದೆ. ಗಟ್ಟಿ ಜೇಡಿ. ಅತ್ತ ಇತ್ತ ಚುಚ್ಚಿದೆ, ಗಟ್ಟಿ. ಎರಡಡಿ ಅಗೆದೂ ನೋಡಿದೆ. ಹಿಂದೆಂದೂ ಯಾರ ಗುದ್ದಲಿಯೂ ಬೀಳದ ನೆಲ ಅದು, ಗುಣಿ ತೋಡುವವನಿಗೆ ಅಷ್ಟು ತಿಳಿಯುತ್ತದೆ. ಹನ್ನೊಂದೂವರೆಗೆ ಚಾಲಕ ಯಂತ್ರ ಶುರು ಮಾಡಿದ. ನಾನು ಸರಳು ಕೆಳಗಿಟ್ಟೆ.

“ಓರ್ಫಾ, ಪುಸ್ತಕಾನೇ ಸುಳ್ಳೇನೋ.”

“ಬಾಯ್ಮುಚ್ಚು, ಏಸಾ.” ಅವಳು ತನ್ನ ಕಾಲನ್ನೇ ನೋಡುತ್ತಿದ್ದಳು. “ಹೆಜ್ಜೆ ಇಟ್ಟಿದ್ದು ಲಿಡಿಯಾ. ಸಭಾಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಿದ್ಲು, ಅಷ್ಟೆತ್ತರ. ನನ್ ಗುಬ್ಬಿ ಕಾಲಿಗೆ ಅದೆಲ್ಲಿ ಸಿಗುತ್ತೆ? ನೀನು ಹಾಕು, ದಾಪುಗಾಲು.”

ಹಾಕಿದೆ. ಆರನೆಯ ಹೆಜ್ಜೆಯಲ್ಲಿ ಸರಳು ಮೊಳದುದ್ದ ಸಲೀಸಾಗಿ ಮಣ್ಣಿಗಿಳಿಯಿತು.

ಹುಚ್ಚನ ಹಾಗೆ ಅಗೆದೆ. ಮೂರಡಿ ದಾಟಿದಾಗ ಮಣ್ಣಿನ ಬಣ್ಣ ಕಪ್ಪಾಯಿತು. ಆಮೇಲೆ ಗುದ್ದಲಿಯಂಚಿಗೆ ಏನೋ ತಾಗಿ ಟಣ್ ಎಂದಿತು. ಹಿತ್ತಾಳೆ ಬಟನ್, ಮೇಲೆ ಹದ್ದಿನ ಅಚ್ಚು, ಸೇನೆಯ ಕೋಟಿನದು. ಮುಂದೆ ಅಗೆಯಲಿಲ್ಲ. ವಾಲ್ಟರ್ ಬಗ್ಗಿ ನೋಡಿ, ಯಂತ್ರ ನಿಲ್ಲಿಸಲು ಕೈ ಮಾಡಿದ.

ಓರ್ಫಾ ಬಟನ್ನನ್ನು ಏಪ್ರನ್ನಿನಲ್ಲಿ ಒರೆಸಿ ಮತ್ತೆ ಗುಣಿಗೇ ಹಾಕಿದಳು. ಆಮೇಲೆ ನೆಲದ ಮೇಲೆ ಕೂತು ಸತ್ತವರ ಪಟ್ಟಿ ತೆಗೆದು, ಕೊನೆಯ ಹೆಸರಿನ ಕೆಳಗೆ ಅಪ್ಪನ ಹೆಸರು ಬರೆದಳು. ಬರೆಯುತ್ತಾ ಅವಳಿಗೆ ಅಳು ಬಂತು, ನಗುವೂ ಬಂತು.

“ಅಪ್ಪ ಎಲ್ಲೂ ಹೋಗಿರಲಿಲ್ಲ ಕಣೋ ಏಸಾ. ಜ್ವರದಲ್ಲೂ ಮನೆಗೇ ಬಂದಿದ್ದ. ಬಿಟ್ಟು ಅಯೋವಾಗೆ ಹೋಗಿದ್ದು ನಾನು.”