ಹಾಲು ಉಕ್ಕಿಸಿದ ಗಾಡಿ

ಚಕ್ರದಡಿಗೆ ಲಿಂಬೆಹಣ್ಣು ಇಡಬೇಕೋ, ಒಳಗೆ ಹಾಲು ಉಕ್ಕಿಸಬೇಕೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ವಾರವಿಡೀ ನಡೆಯಿತು. ಮಾವ, ಅಂದರೆ ಅಮ್ಮನ ಅಣ್ಣ, ಒಂದು ಹಳೆಯ ಮಿನಿಬಸ್ಸು ಕೊಂಡು, ಅದರ ಸೀಟುಗಳನ್ನು ಕಿತ್ತು, ಒಂದರ ಮೇಲೊಂದು ಮಂಚ, ಗ್ಯಾಸ್ ಒಲೆ, ಅಂಗೈಯಗಲದ ಸಿಂಕು, ಮೇಲೆ ಎಸಿ ಎಲ್ಲ ಹಾಕಿಸಿ ಕ್ಯಾರವಾನ್ ಮಾಡಿಸಿದ್ದರು. ಉಳ್ಳಾಲದಿಂದ ಸ್ವಲ್ಪ ಆಚೆ, ಕಡಲ ಬದಿಯ ತೆಂಗಿನ ಜಾಗದಲ್ಲಿ ಅವರ ಗೆಳೆಯರೊಬ್ಬರು ಪ್ರವಾಸಿಗರಿಗೆಂದು ಮರದ ಕ್ಯಾಬಿನ್ನುಗಳನ್ನು ಕಟ್ಟಿಸಿದ್ದರು. ಅವುಗಳ ಪಕ್ಕದಲ್ಲಿ ಇದನ್ನು ನಿಲ್ಲಿಸಿ ಬಾಡಿಗೆಗೆ ಕೊಡುವುದೆಂದು ಮಾತಾಗಿತ್ತು.

"ಚಕ್ರ ಉಂಟಲ್ಲ, ಹಾಗಾದ್ರೆ ಅದು ಗಾಡಿ. ಲಿಂಬೆಹಣ್ಣು ಸಾಕು," ಎಂದರು ಅಮ್ಮ.

"ಒಲೆ ಉಂಟಲ್ಲ ಮಾರಾಯ್ತಿ," ಎಂದರು ಅಜ್ಜಿ. "ಒಲೆ ಇದ್ದ ಮೇಲೆ ಅದು ಮನೆಯೇ. ಹಾಲು ಉಕ್ಕಿಸದೆ ಇರ್ಲಿಕ್ಕೆ ಆಗ್ತದಾ?"

ನಾನು ಈ ಜಗಳವನ್ನು ಫೋನಿನಲ್ಲಿ ಮಾವನಿಗೆ ಇಬ್ಬರ ಧ್ವನಿಯಲ್ಲೂ ಮಾಡಿ ಕೇಳಿಸಿದೆ. ಅಜ್ಜಿಯ ಪಾಲು ಬಂದಾಗ ಅವರು ನಿಜಕ್ಕೂ, "ಆಯ್ತು ಅಮ್ಮ, ನೀವು ಹೇಳಿದ ಹಾಗೇ," ಎಂದುಬಿಟ್ಟರು. ಆಮೇಲೆ ನಾನೆಂದು ಗೊತ್ತಾಗಿ, "ನಿನ್ನ ಬಾಯಿಗೂ ಒಂದು ಬಾಗಿಲು ಮಾಡಿಸ್ತೇನೆ ಗ್ಯಾರೇಜಿನಲ್ಲಿ," ಎಂದು ನಕ್ಕರು.

ಬೇರೆಯವರ ಹಾಗೆ ಮಾತಾಡುವುದು ನನಗೆ ಹವ್ಯಾಸವಲ್ಲ, ಕಾಯಿಲೆ. ಕುಟುಂಬದ ಮದುವೆಗಳಲ್ಲಿ ನನ್ನ ಕೈಗೆ ಮೈಕು ಕೊಡುತ್ತಾರೆ, ಹುಡುಗಿ ನೋಡಲು ಹೋಗುವಾಗ ಮಾತ್ರ ನನ್ನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ನನ್ನ ಸ್ವಂತ ಧ್ವನಿ ಗಂಟಲು ಕಟ್ಟಿದ ಬಸ್ ಕಂಡಕ್ಟರನದ್ದು ಎಂದು ಅತ್ತೆಯ, ಅಂದರೆ ಈ ಮಾವನ ಹೆಂಡತಿಯ, ಅಭಿಪ್ರಾಯ.

ಮಾವ ಗಲ್ಫಿನಿಂದ ಬಂದದ್ದು ಇನ್ನು ಹೋಗುವುದಿಲ್ಲವೆಂದು. ಪ್ರಾಯವನ್ನೆಲ್ಲ ಅವರು ಕಂಪೆನಿ ರೂಮಿನ ಮೇಲಿನ ಮಂಚದಲ್ಲಿ ಮಲಗಿ ಕಳೆದಿದ್ದರು. ಅಲ್ಲಿ ಯಾರು ನಿದ್ದೆಯಲ್ಲಿ ಬಯ್ಯುತ್ತಾನೆ, ಯಾರು ಹಲ್ಲು ಕಡಿಯುತ್ತಾನೆ, ಎಲ್ಲ ಅವರಿಗೆ ಬಾಯಿಪಾಠ. ರಜೆಯಲ್ಲಿ ಬಂದರೆ ಶಕ್ತಿನಗರದ ಅತ್ತೆಯ ಮನೆಯಲ್ಲಿರುತ್ತಿದ್ದರು. ಅಜ್ಜಿ ಇರುವುದು ಅದೇ ಪೇಟೆಯ ಬೋಳಾರದಲ್ಲಿ, ಮಗಳ ಜೊತೆ, ಅಂದರೆ ನಮ್ಮ ಜೊತೆ. ಅಲ್ಲಿಗೆ ಮಾವ ಊಟಕ್ಕೆ ಬಂದು, ಚಾಕ್ಲೇಟ್ ಹಂಚಿ, ಸಂಜೆ ಹೊರಟುಬಿಡುತ್ತಿದ್ದರು.

"ಲೋಕದವರ ಗೊರಕೆ ಎಲ್ಲ ಗೊತ್ತುಂಟು ನನಗೆ. ನಮ್ಮವರದ್ದೇ ಗೊತ್ತಿಲ್ಲ," ಎಂದು ಒಮ್ಮೆ ತಮಾಷೆಗೆಂಬಂತೆ ಹೇಳಿದ್ದರು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಪ್ರವಾಸಿಗರು ಕಾಲಿಡುವ ಮೊದಲು ಒಂದು ರಾತ್ರಿ ನಾವೆಲ್ಲ ಆ ಕ್ಯಾರವಾನಿನೊಳಗೆ ಒಟ್ಟಿಗೆ ಮಲಗಬೇಕು. ಅದಕ್ಕೇ ಅವರು ಅಜ್ಜಿಯ ಪಕ್ಷ ವಹಿಸಿದ್ದು. ಹಾಲು ಉಕ್ಕಿಸಿದ ಮನೆಯನ್ನು ಆ ರಾತ್ರಿ ಖಾಲಿ ಬಿಡಬಾರದು, ಮನೆಯವರು ಅಲ್ಲೇ ಮಲಗಬೇಕು ಎನ್ನುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಶಾಸ್ತ್ರ.

ಮೇ ತಿಂಗಳ ಒಂದು ಭಾನುವಾರ ಎರಡೂ ನಡೆದವು. ಮಾವ ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಟ್ಟು ಲಿಂಬೆಹಣ್ಣು ಅಪ್ಪಚ್ಚಿ ಮಾಡಿದರು. ಆಮೇಲೆ ಅಜ್ಜಿ ಒಳಗೆ ಹೋಗಿ ಒಲೆ ಹಚ್ಚಿದರು. ಹಾಲು ಪೂರ್ವಕ್ಕೆ ಉಕ್ಕಬೇಕಿತ್ತು. ಚಕ್ರ ಮರಳಿನಲ್ಲಿ ಹೂತು ಗಾಡಿ ವಾಲಿದ್ದರಿಂದ ಪಶ್ಚಿಮಕ್ಕೆ, ಕಡಲಿನ ಕಡೆಗೆ ಉಕ್ಕಿತು.

"ಅಡ್ಡಿಯಿಲ್ಲ, ಗಲ್ಫಿನ ಕಡೆಗೆ ಉಕ್ಕಿತು," ಎಂದೆ ಮಾವನ ಧ್ವನಿಯಲ್ಲಿ. ಎಲ್ಲರೂ ನಕ್ಕರು.

ಸೆಕೆ ಎಂದರೆ ಸೆಕೆ. ಗಾಳಿ ಬೀಸುತ್ತಿತ್ತು, ಆದರೆ ಯಾರೋ ಆಗಷ್ಟೇ ಉಸಿರಾಡಿ ಬಿಟ್ಟ ಗಾಳಿಯ ಹಾಗಿತ್ತು. ಅಮ್ಮ ಕೋಳಿ ಸಾರಿನ ಜೊತೆಗೆ ತಂದ, ಹಪ್ಪಳದಂತೆ ಗರಿಗರಿಯಾದ ಕೋರಿ ರೊಟ್ಟಿ ಪೊಟ್ಟಣ ಬಿಚ್ಚಿದ ಸ್ವಲ್ಪ ಹೊತ್ತಿಗೇ ಮುರಿಯುವುದನ್ನು ಬಿಟ್ಟು ಬಾಗತೊಡಗಿತು. ಕ್ಯಾಬಿನ್ನುಗಳಲ್ಲಿ ಫ್ಯಾನು ಹಾಕಿದರೆ ಸಾಕು, ನಮ್ಮ ಎಸಿ ಟ್ರಿಪ್ ಆಗುತ್ತಿತ್ತು. ಮಾವ ಮಾತ್ರ ಬನಿಯನ್ ಒದ್ದೆ ಮಾಡಿಕೊಂಡು ಒಬ್ಬೊಬ್ಬರಿಗೂ ಜಾಗ ತೋರಿಸುತ್ತಿದ್ದರು. ಪ್ರತಿ ಮಂಚಕ್ಕೂ ಪ್ಲಾಸ್ಟಿಕ್ ತೆಗೆಯದ ಹೊಸ ಹಾಸಿಗೆ, ಅದರ ಮೇಲೆ ಮೈ ಒರೆಸಲು ಮಡಚಿಟ್ಟ ಹೊಸ ಬೈರಾಸು.

"ಅಮ್ಮನಿಗೆ ಕಿಟಕಿಯ ಹತ್ರ. ಮೇಲಿನದ್ದು ನಿನಗೆ, ಅದರ ಕೆಳಗೆ ನಾನು. ನೀನು ಹೊರಳಿದ್ರೆ ನನಗೆ ಗೊತ್ತಾಗ್ಬೇಕು."

"ನಾನು ಬಿದ್ರೆ?"

"ಬಿದ್ರೂ ಗೊತ್ತಾಗ್ತದೆ ಮಾರಾಯ."

ಸೂರ್ಯ ಮುಳುಗುವ ಹೊತ್ತಿಗೆ ಅತ್ತೆಗೆ ಒಣಗಲು ಹಾಕಿದ ಬಟ್ಟೆಯ ನೆನಪಾಯಿತು. ಅಮ್ಮನಿಗೆ ಗೇಟಿನ ಬೀಗದ ಮೇಲೆ ಸಂಶಯ ಬಂತು. ಅಜ್ಜಿ ಕ್ಯಾರವಾನಿನ ಮೆಟ್ಟಿಲನ್ನೇ ನೋಡುತ್ತಾ, "ನನಗೆ ರಾತ್ರಿ ಎರಡು ಸಲ ಏಳ್ಲಿಕ್ಕುಂಟು ಮಗಾ. ಇದು ತುಂಬ ಎತ್ತರ," ಎಂದರು. ಒಂದೂ ಸುಳ್ಳಲ್ಲ. ಗೋಕರ್ಣದಲ್ಲೋ ಎಲ್ಲೋ ದೂರದಲ್ಲಿ ನಿಲ್ಲಿಸಿದ್ದರೆ ಬಟ್ಟೆ ನೆನೆಯಲಿ, ಗೇಟು ತೆರೆದಿರಲಿ, ಬೆವರಿಕೊಂಡೇ ಮಲಗಿಬಿಡುತ್ತಿದ್ದೆವು. ಮನೆಯಿಂದ ಒಂದು ಸೇತುವೆಯಾಚೆಗೆ ಬಿಡಾರ ಹೂಡುವ ಬುದ್ಧಿ ನಮ್ಮ ಕುಟುಂಬಕ್ಕೆ ಮಾತ್ರ ಬರಬೇಕು. ನೇತ್ರಾವತಿ ದಾಟಿದರೆ ಅವರವರ ಫ್ಯಾನು, ಅವರವರ ತಲೆದಿಂಬು.

"ಹಾಲು ಉಕ್ಕಿಸಿ ಆಗಿದೆಯಲ್ಲ ಅಮ್ಮ," ಎಂದರು ಮಾವ. "ಖಾಲಿ ಬಿಡ್ಲಿಕ್ಕೆ ಇಲ್ಲ."

ವಾರವಿಡೀ ಅದು ಮನೆಯೇ ಎಂದು ಹಟ ಹಿಡಿದಿದ್ದ ಅಜ್ಜಿ ಬಗ್ಗಿ ಗಾಡಿಯ ಅಡಿ ನೋಡಿದರು. "ಚಕ್ರ ಉಂಟಲ್ಲ ಮಗಾ. ಗಾಡಿಗೆ ಅದೆಲ್ಲ ಇಲ್ಲ."

ಅಮ್ಮ ಉಳಿದ ರೊಟ್ಟಿಯನ್ನು ಪೊಟ್ಟಣಕ್ಕೆ ತುಂಬತೊಡಗಿದರು. ವಾದದಲ್ಲಿ ಗೆದ್ದವರಂತೆ ಅವರು ಕಾಣಲಿಲ್ಲ.

"ಆಯ್ತು," ಎಂದರು ಮಾವ. "ನಾನೊಬ್ಬ ಇದ್ದೇನಲ್ಲ. ಸಾಕು."

"ನೀನಾದ್ರೂ ಇರ್ತೀಯಾ?" ಎಂದು ಅಮ್ಮ ನನ್ನನ್ನು ಕೇಳಿದರು. ಕಾರಿನ ಕೀ ನನ್ನ ಬೆರಳಲ್ಲಿ ತಿರುಗುತ್ತಿತ್ತು. "ನನಗೂ ಎರಡು ಸಲ ಏಳ್ಲಿಕ್ಕುಂಟು ಮಗಾ," ಎಂದೆ, ಅಜ್ಜಿಯ ಧ್ವನಿಯಲ್ಲಿ, ಸೊಂಟಕ್ಕೆ ಕೈಯಿಟ್ಟು. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಮಾವ. ಅತ್ತೆ, "ಬೆಳಿಗ್ಗೆ ನೀರ್ ದೋಸೆ ತರ್ತೇನೆ," ಎಂದು ನಮ್ಮ ಕಾರನ್ನೇ ಹತ್ತಿದರು. ಮರಳಿನಲ್ಲಿ ನಾನು ಕಾರು ರಿವರ್ಸ್ ತೆಗೆಯುವಾಗ ಮಾವ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಹಿಂದೆ ನಿಂತು, "ಬರ್ಲಿ, ಬರ್ಲಿ, ರೈಟ್," ಎನ್ನುತ್ತಾ ನಮ್ಮನ್ನು ದಾರಿಗೆ ಹತ್ತಿಸಿದರು.

ಬೆಳಿಗ್ಗೆ ದೋಸೆ ಹಿಡಿದುಕೊಂಡು ಹೋದಾಗ ಹಾಸಿಗೆಗಳೆಲ್ಲ ಪ್ಲಾಸ್ಟಿಕ್ ಸಮೇತ ಸುರುಳಿಯಾಗಿ ಬಾಗಿಲ ಬದಿಯಲ್ಲಿ ನಿಂತಿದ್ದವು. ಒಂದೇ ಒಂದು ಬಿಚ್ಚಿತ್ತು, ನನ್ನ ಮಂಚದ ಕೆಳಗಿನದ್ದು.

"ಎಸಿ ಎಂತ ಚಂದ ಕೆಲಸ ಮಾಡ್ತು ಗೊತ್ತುಂಟಾ," ಎಂದರು ಮಾವ. "ಚಳಿಯೇ ಆಯ್ತು."

ಅದೇ ವಾರ ಪ್ರವಾಸಿಗರು ಬರತೊಡಗಿದರು. ಯಾರ್ಯಾರೋ ಆ ಮಂಚಗಳಲ್ಲಿ ಮಲಗಿ, ಫೋಟೋ ತೆಗೆದು, ತುಂಬ ಒಳ್ಳೆ ನಿದ್ದೆ ಬಂತೆಂದು ಹೇಳಿ ಹೋದರು. ನಾವು ಇವತ್ತಲ್ಲ ಮುಂದಿನ ವಾರ ಎನ್ನುತ್ತಲೇ ಇದ್ದೆವು. ಅಷ್ಟರಲ್ಲಿ ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಉಪ್ಪುಗಾಳಿ ಕ್ಯಾರವಾನಿನ ಹೊಟ್ಟೆಯನ್ನು ಅಡಿಯಿಂದ ತಿನ್ನುತ್ತಾ ಬಂದು, ಒಂದು ದಿನ ಮಾವನ ಕಾಲು ನೆಲದೊಳಗೇ ಇಳಿಯಿತು. ಅದನ್ನು ಮಾರಿದರು. ಆಮೇಲೆ ಹಳೆಯ ಕಂಪೆನಿಯಿಂದ ಕರೆ ಬಂತು, ಹೋದರು. ಆ ರಾತ್ರಿಗೂ ಇದಕ್ಕೂ ಎಂತ ಸಂಬಂಧ ಎಂದು ಅಮ್ಮ ಆಗಾಗ ಹೇಳುತ್ತಾರೆ, ಯಾರೂ ಕೇಳದಿದ್ದಾಗಲೂ.

ಈಗ ಶುಕ್ರವಾರ ಮಧ್ಯಾಹ್ನ ಅವರಿಗೆ ರಜೆ, ನನಗೆ ಫೋನು ಬರುತ್ತದೆ. ಮೊನ್ನೆ, "ಎಲ್ಲರ ಗೊರಕೆ ಮಾಡಿ ಕೇಳಿಸು ನೋಡುವ," ಎಂದರು. ಅಜ್ಜಿಯದ್ದು ಮಾಡಿದೆ, ಸೀಟಿ ಹೊಡೆಯಲು ಮನಸ್ಸಿಲ್ಲದ ಕುಕ್ಕರಿನದ್ದು. ತಾನು ಗೊರಕೆ ಹೊಡೆಯುವುದೇ ಇಲ್ಲ ಎನ್ನುವ ಅಮ್ಮನದ್ದೂ ಮಾಡಿದೆ. ಈಚೆಗೆ ಅತ್ತೆ ಆಗಾಗ ನಮ್ಮಲ್ಲೇ ಉಳಿಯುವುದರಿಂದ ಅವರದ್ದೂ ಬಂತು. ಅತ್ತ ಮಾವ ಸ್ಪೀಕರ್ ಹಾಕಿದ್ದರು. ಅಜ್ಜಿಯದ್ದನ್ನು ಇನ್ನೊಮ್ಮೆ ಮಾಡಿಸಿ, "ಯೇ ಮೇರಿ ಮಾ ಹೈ," ಇದು ನನ್ನಮ್ಮ ಎಂದು ರೂಮಿನವರಿಗೆ ಹೇಳಿದರು.

"ಇನ್ನು ನಂದು ಮಾಡು."

ಬಾಯಿ ತೆರೆದೆ. ಅವರ ನಗು ನನಗೆ ಬರುತ್ತದೆ. "ಬರ್ಲಿ, ಬರ್ಲಿ, ರೈಟ್" ಬರುತ್ತದೆ. ಇದು ಬರಲಿಲ್ಲ.

"ನಿಮ್ಮದು ಕೇಳಿಲ್ಲ ಮಾವ."

ಅತ್ತ ಎಸಿಯ ಸದ್ದಿನ ನಡುವೆ ಮಾವ, "ನಾನು ಗೊರಕೆ ಹೊಡಿಯೂದೇ ಇಲ್ಲ ಮಾರಾಯ," ಎಂದರು. ಅದನ್ನೇ ಹಿಂದಿಯಲ್ಲಿ ರೂಮಿನವರಿಗೂ ಹೇಳಿದರು. ಅಲ್ಲಿದ್ದವರೆಲ್ಲ ಒಟ್ಟಿಗೆ ಗೊಳ್ಳೆಂದು ನಕ್ಕರು. ಅವರಿಗೆ ಗೊತ್ತಿತ್ತು.